ಸೋಮವಾರ, ಗುರುವಾರದ ಲೆಕ್ಕ: ಕಂಟೇನರ್ ಬಳಕೆಯ ಅಂದಾಜನ್ನು ಕೋಡ್‌ಗೆ ಇಳಿಸಿದ ಒಂದು ಪ್ರಕರಣ

ಕ್ಲೌಡ್ ಬಳಕೆ ತಿಂಗಳಿಗೆ ಎಷ್ಟಾದೀತು ಅಂತ ಅಂದಾಜು ಹಾಕುವ ನಮ್ಮ ಕೋಡ್ 2025ರ ಜನವರಿಗೆ ಹೇಳಿದ್ದು 730. ತಿಂಗಳು ಮುಗಿದು ಬಿಲ್ಲು ಬಂದಾಗ ಅದರಲ್ಲಿ ಇದ್ದದ್ದು 2,558. ಎರಡೂ ವಿಸಿಪಿಯು-ಗಂಟೆಗಳೇ (ಬಾಡಿಗೆಯ ಒಂದು ಪ್ರೊಸೆಸರ್, ಒಂದು ಗಂಟೆ), ಒಂದೇ ಖಾತೆಯವು. ಮೂರೂವರೆ ಪಟ್ಟು ವ್ಯತ್ಯಾಸ. ಆಗಲೇ ಗಿರಾಕಿಗಳಿಗೆ ಇಡೀ ಹಂಗಾಮಿಗೆ ಒಂದೇ ದರ ಹೇಳಿ ಕೈಕುಲುಕಿ ಬಂದಿದ್ದೆವು, ಹಾಗಾಗಿ ಹೆಚ್ಚಿನದ್ದೆಲ್ಲ ನಮ್ಮ ಜೇಬಿನಿಂದಲೇ ಹೋಗಬೇಕಿತ್ತು.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲೆ ನಮ್ಮ ಕಚೇರಿ. ಐದು ಜನ. ಗಿರಾಕಿಗಳು ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಕೆಲವು ದಲಾಲಿ ಅಂಗಡಿಗಳು. ಟೆಂಡರ್ ನಡೆಸುವ ವ್ಯವಸ್ಥೆ ನಮ್ಮದಲ್ಲ. ಅಂಗಡಿಯ ಒಳಗಿನ ಲೆಕ್ಕವಷ್ಟೇ ನಮ್ಮದು: ಯಾವ ರೈತನ ಎಷ್ಟು ಚೀಲ ಆವಕ, ಯಾವ ಲಾಟಿಗೆ ಯಾವ ದರ ಬಿತ್ತು, ತೂಕ ಎಷ್ಟು, ಹಮಾಲಿ ಎಷ್ಟು ಕಳೆಯಬೇಕು, ಕೊನೆಗೆ ರೈತನ ಕೈಗೆ ಕೊಡುವ ಪಟ್ಟಿ. ಇದರಲ್ಲಿ ಎರಡು ಸೇವೆಗಳಿವೆ. ಅಂಗಡಿಯ ಮೊಬೈಲು, ಕಂಪ್ಯೂಟರುಗಳ ಜೊತೆ ಮಾತಾಡುವುದನ್ನು ‘ತೂಕ’ ಅಂತ ಕರೆಯುತ್ತೇವೆ, ಪಟ್ಟಿಯ ಪಿಡಿಎಫ್ ಮಾಡುವುದನ್ನು ‘ಪಟ್ಟಿ’ ಅಂತ. ಎರಡೂ ಅಮೆಜಾನ್ ಕ್ಲೌಡ್ ಆದ ಎಡಬ್ಲ್ಯೂಎಸ್‌ನ ಕಂಟೇನರ್ (ಪ್ರೋಗ್ರಾಮು, ಅದಕ್ಕೆ ಬೇಕಾದದ್ದೆಲ್ಲ ಕಟ್ಟಿಟ್ಟ ಪೊಟ್ಟಣ) ಓಡಿಸುವ ಇಸಿಎಸ್ ಮೇಲೆ, ಫಾರ್ಗೇಟ್ ರೂಪದಲ್ಲಿ ಓಡುತ್ತವೆ. ಅಂದರೆ ಸರ್ವರ್ ನಮ್ಮದಲ್ಲ. ಒಂದೊಂದು ಟಾಸ್ಕಿಗೆ (ಸೇವೆಯ ಓಡುತ್ತಿರುವ ಒಂದು ಪ್ರತಿಗೆ) ಇಷ್ಟು ಸಿಪಿಯು, ಇಷ್ಟು ಮೆಮೊರಿ ಅಂತ ಕೇಳಿಕೊಳ್ಳುತ್ತೇವೆ, ಅದು ಬದುಕಿದ್ದಷ್ಟು ಸೆಕೆಂಡಿಗೆ ಹಣ. ಕೇಳಿಕೊಂಡದ್ದಕ್ಕೆ ಹಣ, ಬಳಸಿದ್ದಕ್ಕಲ್ಲ. ಟಾಸ್ಕು ಸುಮ್ಮನೆ ಕೂತರೂ ಮೀಟರು ಓಡುತ್ತಲೇ ಇರುತ್ತದೆ.

ಒಂದು ‘ತೂಕ’ ಟಾಸ್ಕು 1 ವಿಸಿಪಿಯು, 2 ಜಿಬಿ. ಕನಿಷ್ಠ 2 ಟಾಸ್ಕು, ಹೊರೆ ಏರಿದರೆ ಗರಿಷ್ಠ 12. ಇವೆಲ್ಲ, ಕ್ಲೌಡಿನಲ್ಲಿ ಏನೇನು ಬೇಕು ಅಂತ ಬರೆದಿಡುವ ಟೆರಾಫಾರ್ಮ್ ಕಡತದಲ್ಲಿ ಇವೆ.

ತಪ್ಪಿನ ಮೂಲ ನಾನೇ. ಅಕ್ಟೋಬರಿನಲ್ಲಿ ದರ ಹೇಳುವ ಮುಂಚೆ ಒಂದು ಎಕ್ಸೆಲ್ ಹಾಳೆಯಲ್ಲಿ, ಕೆಟ್ಟದ್ದರಲ್ಲಿ ಕೆಟ್ಟದ್ದು ಎಷ್ಟಾದೀತು ನೋಡೋಣ ಅಂತ 12 ಟಾಸ್ಕು ತಿಂಗಳಿಡೀ ಓಡಿದರೆ ಅಂತ ಹಿಡಿದೆ. ತಿಂಗಳಿಗೆ 730 ಗಂಟೆ ಎನ್ನುವುದು ಕ್ಲೌಡ್ ಲೆಕ್ಕದ ರೂಢಿ. 12 ಗುಣಿಸು 730, ಅಂದರೆ 8,760. ಅಷ್ಟನ್ನು ಒಂದು ಚೌಕದಲ್ಲಿ ಬರೆದು ಬಿಟ್ಟೆ. ಏಕಮಾನ ಬರೆಯಲಿಲ್ಲ.

ಈಗ 365 ಗುಣಿಸು 24 ಮಾಡಿ ನೋಡಿ. ಅದೂ 8,760. ಇದರಲ್ಲಿ ಕಾಕತಾಳೀಯ ಏನೂ ಇಲ್ಲ. 730 ಎನ್ನುವುದೇ ವರ್ಷದ ಗಂಟೆಗಳನ್ನು 12ರಿಂದ ಭಾಗಿಸಿ ತೆಗೆದದ್ದು, ನಾನು ಅದನ್ನು 12 ಟಾಸ್ಕಿಗೆ ಗುಣಿಸಿ ವಾಪಸ್ ವರ್ಷಕ್ಕೆ ತಂದು ನಿಲ್ಲಿಸಿದ್ದೆ. ಹಾಳೆಯನ್ನು ಕೋಡ್‌ಗೆ ಇಳಿಸಿದ ಸಹೋದ್ಯೋಗಿ ಆ ಸಂಖ್ಯೆ ನೋಡಿದ. ‘ವರ್ಷದ ಗಂಟೆ’ ಅಂತ ಯಾರಿಗಾದರೂ ಹೊಳೆಯುತ್ತದೆ, ಅವನಿಗೂ ಹೊಳೆಯಿತು, ಸ್ಥಿರಾಂಕಕ್ಕೆ ಅದೇ ಹೆಸರಿಟ್ಟ. ಮೂರು ವಾರದ ಮೇಲೆ ಇನ್ನೊಬ್ಬಳು ಪರಿಶೀಲನೆಗೆ ಕೂತಾಗ, ತಿಂಗಳ ವರದಿಯಲ್ಲಿ ವರ್ಷದ ಗಂಟೆ ಯಾಕೆ ಅಂತ ಶಿಸ್ತಾಗಿ 12ರಿಂದ ಭಾಗಿಸಿದಳು. ಉಳಿದದ್ದು 730. ಮೂವರಲ್ಲಿ ಇಬ್ಬರು ಮಾಡಿದ್ದು ಸರಿಯಾದ ಕೆಲಸವೇ. ಮೊದಲನೆಯವನು ಹೆಸರಿಲ್ಲದ ಸಂಖ್ಯೆ ಬಿಟ್ಟು ಹೋಗಿದ್ದ, ಅಷ್ಟೆ.

ಇನ್ನೂ ನಾಚಿಕೆಯ ಮಾತೆಂದರೆ, ಕನಿಷ್ಠದ 2 ಟಾಸ್ಕು ಸುಮ್ಮನೆ ಕೂತರೂ ತಿಂಗಳಿಗೆ 1,460 ಆಗುತ್ತದೆ. ಅದರ ಅರ್ಧದ ಅಂದಾಜನ್ನು ಐದು ಜನ ಮೂರು ತಿಂಗಳು ನೋಡಿದೆವು, ಒಬ್ಬರಿಗೂ ತಟ್ಟಲಿಲ್ಲ.

ಬಿಲ್ಲು ಬಂದ ದಿನ ಸಂಜೆ ಮೊದಲ ಪರಿಹಾರ ಬಂದಿತು, ಅದು ಸುಲಭದ್ದು. ಜನವರಿಯಲ್ಲಿ ‘ತೂಕ’ ತಿಂದದ್ದು 2,288 ವಿಸಿಪಿಯು-ಗಂಟೆ (ಉಳಿದ 270 ‘ಪಟ್ಟಿ’ಯದು, ಅದರ ಕಥೆ ಬೇರೆ). ತಿಂಗಳ 744 ಗಂಟೆಗೆ ಹಂಚಿದರೆ ಸರಾಸರಿ 3 ಟಾಸ್ಕು. ‘ಟೆರಾಫಾರ್ಮ್‌ನಲ್ಲಿ ಡಿಸೈರ್ಡ್ ಕೌಂಟ್ 2 ಐತಲ್ಲ, 3 ಮಾಡಿಬಿಡೋಣ, ಅಂದಾಜು ತಾನಾಗೇ ಸರಿ ಬರತೈತಿ’ ಅಂದ ಒಬ್ಬ. ಅವನ ಮಾತಿಗೂ ಆಧಾರವಿತ್ತು. ನಾವು ಬಳಸುತ್ತಿದ್ದ, ವೆಚ್ಚ ಅಂದಾಜು ಮಾಡುವ ಸಾಧನ ಇನ್‌ಫ್ರಾಕಾಸ್ಟ್ ಟೆರಾಫಾರ್ಮ್ ಕಡತ ಓದಿ, ಟಾಸ್ಕುಗಳ ಆ ಸಂಖ್ಯೆಯನ್ನೇ ತಿಂಗಳ ಗಂಟೆಗಳಿಗೆ ಗುಣಿಸಿ ವೆಚ್ಚ ತೋರಿಸುತ್ತದೆ. ಸಂಖ್ಯೆ ಬದಲಾದರೆ ವರದಿಯೂ ಬದಲಾಗುತ್ತದೆ.

ಆದರೆ ಡಿಸೈರ್ಡ್ ಕೌಂಟ್ ಅಂದಾಜು ಅಲ್ಲ, ಅದು ಅಪ್ಪಣೆ. ಅಲ್ಲಿ 3 ಬರೆದು ಜಾರಿಗೆ ತಂದರೆ ಮಂಗಳವಾರ ಮಧ್ಯರಾತ್ರಿಯಾದರೂ, ಹೊರೆ ನೋಡಿ ಟಾಸ್ಕು ಏರಿಸಿ ಇಳಿಸುವ ಆಟೋಸ್ಕೇಲಿಂಗ್ ಇಳಿಸುವವರೆಗೆ, 3 ಟಾಸ್ಕು ಎದ್ದು ಕೂತಿರುತ್ತವೆ. ಸೋಮವಾರ ಮಧ್ಯಾಹ್ನ ಆಟೋಸ್ಕೇಲಿಂಗ್ 10ಕ್ಕೆ ಏರಿಸಿದ ಹೊತ್ತಿನಲ್ಲಿ ಯಾರಾದರೂ ಕಡತವನ್ನು ಜಾರಿಗೆ ತರುವ ಟೆರಾಫಾರ್ಮ್ ಅಪ್ಲೈ ಕೊಟ್ಟರೆ, ಆ ಸಾಲನ್ನು ಬಿಟ್ಟುಬಿಡು ಅಂತ ಮೊದಲೇ ಹೇಳಿರದಿದ್ದರೆ, 10 ಇದ್ದದ್ದು 3ಕ್ಕೆ ಇಳಿಯುತ್ತದೆ. ಇನ್ನು ಸರಾಸರಿ 3 ಎನ್ನುವುದು ಬಿಲ್ಲಿಗೆ ನಿಜ, ಸೋಮವಾರಕ್ಕೆ ಸುಳ್ಳು, ಮಂಗಳವಾರಕ್ಕೂ ಸುಳ್ಳು. ಇನ್‌ಫ್ರಾಕಾಸ್ಟ್ ಕೂಡ ಬಳಕೆಯ ಮೇಲೆ ದರ ಬೀಳುವ ಸಂಪನ್ಮೂಲಗಳಿಗೆ ಒಂದು ಪ್ರತ್ಯೇಕ ಬಳಕೆ ಕಡತ ಕೇಳುತ್ತದೆ. ಏನು ಬೇಕೋ ಅದು ಟೆರಾಫಾರ್ಮ್‌ನಲ್ಲಿ, ಎಷ್ಟಾದೀತೋ ಅದು ಬಳಕೆ ಕಡತದಲ್ಲಿ. ಆ ಬೇರ್ಪಡೆಯನ್ನು ಎತ್ತಿಕೊಂಡೆವು. ಆದರೆ ವಾರದ ಯಾವ ದಿನ, ಯಾವ ಹೊತ್ತು ಅಂತ ಬರೆಯಲು ನಮಗೆ ನಮ್ಮದೇ ಕಡತ ಬೇಕಾಯಿತು.

ಅದಕ್ಕೆ ಏನು ತುಂಬಬೇಕು? ಮಾನಿಟರಿಂಗ್ ಗ್ರಾಫು ಇತ್ತು, ಎರಡು ಹಲ್ಲಿನ ಬಾಚಣಿಗೆಯ ಹಾಗೆ. ಯಾಕೆ ಹಾಗೆ ಅಂತ ಗ್ರಾಫು ಹೇಳುವುದಿಲ್ಲ. ರೈಲು ಹತ್ತಿ ಹಾವೇರಿ ದಾಟಿ ಬ್ಯಾಡಗಿಯಲ್ಲಿ ಇಳಿದೆ. ಹಂಗಾಮಿನಲ್ಲಿ ಆ ಊರಿಗೆ ಹೋದವರಿಗೆ ಗೊತ್ತು, ಮಾರುಕಟ್ಟೆ ಇನ್ನೂ ದೂರ ಇರುವಾಗಲೇ ಘಾಟು ಮೂಗಿಗೆ ಬಂದು ಸೀನು ಶುರುವಾಗುತ್ತದೆ. ಬಣ್ಣಕ್ಕೆ ಹೆಸರಾದ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿ, ಆದರೆ ಅದೇ ಮಾರುಕಟ್ಟೆಗೆ ಕಡ್ಡಿ, ಡಬ್ಬಿ ಜೊತೆಗೆ ಗುಂಟೂರು ತಳಿಯೂ ಬರುತ್ತದೆ. ನಮ್ಮ ಗಿರಾಕಿ ಅಂಗಡಿಯ ಗುಮಾಸ್ತರು ಅರವತ್ತು ದಾಟಿದವರು, ಗಾದಿಯ ಮೇಲೆ ಕೂತು ಪಟ್ಟಿ ತಿದ್ದುತ್ತಿದ್ದರು.

‘ಕಾಕಾರ, ದಿನಕ್ಕ ಸರಾಸರಿ ಎಷ್ಟ ಲಾಟ್ ಬರತಾವ್ರಿ?’

‘ಸರಾಸರಿ ಅಂದ್ರ ಏನ್ ತಮ್ಮಾ? ಮಂಗಳವಾರ ಬಂದ ಕೇಳಿದ್ರ ಒಂದೂ ಇಲ್ಲ ಅಂತೀನಿ. ಸೋಮವಾರ ಬಂದ ಕೇಳಿದ್ರ ಮಾತಾಡಾಕ ಪುರಸೊತ್ತಿಲ್ಲ ಅಂತೀನಿ. ಟೆಂಡರ್ ಇರೂದ ಸೋಮವಾರ, ಗುರುವಾರ. ಉಳದ ದಿನ ನಾನು, ಈ ಫ್ಯಾನು.’

ನನ್ನ ಗ್ರಾಫಿನ ಎರಡು ಹಲ್ಲು ಅವೇ. ಬೆಳಿಗ್ಗೆ ಹತ್ತರ ಸುಮಾರಿಗೆ ಲಾಟುಗಳ ವಿವರ ತುಂಬುವುದು ಜೋರಾಗುತ್ತದೆ, ದರ ಬಿದ್ದ ಮೇಲೆ ತೂಕ, ಆರಕ್ಕೆ ಇಳಿಯುತ್ತದೆ. ಪಟ್ಟಿ ಸಂಜೆ ಐದರಿಂದ ಎಂಟು.

ಕಡತವನ್ನು ಯಾಮಲ್ ಎಂಬ ಸರಳ ಪಠ್ಯ ರೂಪದಲ್ಲಿ, ಕನ್ನಡದಲ್ಲೇ ಬರೆದೆವು. ಅಭಿಮಾನದ ಮಾತಲ್ಲ, ಕಾಕಾರು ಓದಿ ತಪ್ಪು ಹಿಡಿಯಬೇಕಿತ್ತು. ಯಾಮಲ್‌ಗೆ ಯಾವ ಲಿಪಿಯಾದರೂ ನಡೆಯುತ್ತದೆ.

ಸೇವೆ: ತೂಕ
ಬರೆದ_ದಿನ: 2025-02-07
ಹೇಳಿದವರು: ಅಂಗಡಿ ಗುಮಾಸ್ತರು
ಒಂದು_ಟಾಸ್ಕ್:
  ವಿಸಿಪಿಯು: 1
  ಮೆಮೊರಿ_ಜಿಬಿ: 2
ಎಲ್ಲಾ_ದಿನ:
  ಟಾಸ್ಕ್: 2
ಟೆಂಡರ್_ದಿನ:
  ವಾರ: [ಸೋಮವಾರ, ಗುರುವಾರ]
  ಇಂದ: "10:00"
  ವರೆಗೆ: "18:00"
  ಹೆಚ್ಚುವರಿ_ಟಾಸ್ಕ್: 8
ರಜೆ: []

ಹೊತ್ತಿನ ಸುತ್ತ ಉದ್ಧರಣ ಚಿಹ್ನೆ ಅಲಂಕಾರಕ್ಕಲ್ಲ. ಯಾಮಲ್ 1.1 ಪ್ರಕಾರ ಓದುವ ಕೋಡ್ ಗ್ರಂಥಾಲಯಗಳು ಬರಿಯ 10:00 ಅನ್ನು ಅರವತ್ತರ ಲೆಕ್ಕದಲ್ಲಿ 600 ಅಂತ ಓದುತ್ತವೆ.

ಬರೆದ ದಿನ, ಹೇಳಿದವರು ಎನ್ನುವ ಎರಡು ಸಾಲು ಬೇಕೇ ಬೇಕು ಅಂತ ಹಟ ಹಿಡಿದವನು ನಾನು. ಯಂತ್ರಕ್ಕೆ ಅವುಗಳಿಂದ ಕೆಲಸವಿಲ್ಲ. ಆದರೆ ಅಂದಾಜು ಹಳಸುವ ಪದಾರ್ಥ. ಅದನ್ನು ಯಾವಾಗ ಮಾಡಿದ್ದು, ತಪ್ಪಿದರೆ ಯಾರಿಗೆ ಫೋನು ಹಚ್ಚಬೇಕು ಅನ್ನುವುದು ಸಂಖ್ಯೆಯ ಪಕ್ಕದಲ್ಲೇ ಇರಬೇಕು.

ಕಡತ ಓದುವ ಪೈಥಾನ್ ಕೋಡ್‌ನಲ್ಲಿ ಮುಖ್ಯ ಬದಲಾವಣೆ ಒಂದೇ. ಬರಿಯ ಸಂಖ್ಯೆ ಎಲ್ಲಿಯೂ ಓಡಾಡುವುದಿಲ್ಲ. ಗಂಟೆ, ಟಾಸ್ಕ್-ಗಂಟೆ, ವಿಸಿಪಿಯು-ಗಂಟೆ, ಜಿಬಿ-ಗಂಟೆ ನಾಲ್ಕಕ್ಕೂ ಪ್ರತ್ಯೇಕ ಟೈಪ್, ಅಂದರೆ ಪ್ರತಿ ಸಂಖ್ಯೆಗೂ ಅದರ ಏಕಮಾನ ಅಂಟಿಕೊಂಡೇ ಇರುತ್ತದೆ. ಗಂಟೆಗೆ ಟಾಸ್ಕು ಗುಣಿಸಿದರೆ ಟಾಸ್ಕ್-ಗಂಟೆ ಸಿಗುತ್ತದೆ, ಅದಕ್ಕೆ ಒಂದು ಟಾಸ್ಕಿನ ಅಳತೆ ಗುಣಿಸಿದರೆ ವಿಸಿಪಿಯು-ಗಂಟೆ. ಗಂಟೆಗೆ ವಿಸಿಪಿಯು-ಗಂಟೆ ಕೂಡಿಸಲು ಹೋದರೆ ಪ್ರೋಗ್ರಾಮು ಅಲ್ಲೇ ನಿಲ್ಲುತ್ತದೆ. ಈ ಪದ್ಧತಿ ಅಕ್ಟೋಬರಿನಲ್ಲೇ ಇದ್ದಿದ್ದರೆ ನನ್ನ 8,760ಕ್ಕೆ ‘ವರ್ಷದ ಗಂಟೆ’ ಅಂತ ಹೆಸರಿಡಲು ಬರುತ್ತಿರಲಿಲ್ಲ, ಟೈಪೇ ಒಪ್ಪುತ್ತಿರಲಿಲ್ಲ. 730 ಎಂಬ ಸ್ಥಿರಾಂಕವನ್ನೂ ಕಿತ್ತೆವು. ಫೆಬ್ರುವರಿಗೆ 672 ಗಂಟೆ, ಮಾರ್ಚಿಗೆ 744. ಸೋಮವಾರ ಎಷ್ಟು ಅಂತ ಎಣಿಸುವ ಕ್ಯಾಲೆಂಡರ್ ಹೇಗೂ ಇರುವಾಗ ಸರಾಸರಿ ತಿಂಗಳು ಯಾಕೆ?

ಫೆಬ್ರುವರಿಯ ಲೆಕ್ಕ ಹೀಗೆ ಬಂತು. 2 ಟಾಸ್ಕು, 672 ಗಂಟೆ: 1,344. ನಾಲ್ಕು ಸೋಮವಾರ, ನಾಲ್ಕು ಗುರುವಾರ, ಒಟ್ಟು 8 ಟೆಂಡರ್ ದಿನ. ದಿನಕ್ಕೆ 8 ಗಂಟೆ, 8 ಹೆಚ್ಚುವರಿ ಟಾಸ್ಕು: 512. ಕೂಡಿದರೆ 1,856 ವಿಸಿಪಿಯು-ಗಂಟೆ, ಮೆಮೊರಿ ಅದರ ಎರಡರಷ್ಟು, 3,712 ಜಿಬಿ-ಗಂಟೆ. ಎಡಬ್ಲ್ಯೂಎಸ್‌ನ ಮುಂಬೈ ವಲಯದ ದರ ಬೇರೆ, ಆದರೆ ಅಂದಾಜಿಗೆ ವರ್ಜೀನಿಯಾದ ದರ ಹಿಡಿಯೋಣ: ವಿಸಿಪಿಯು-ಗಂಟೆಗೆ 0.04048 ಡಾಲರ್, ಜಿಬಿ-ಗಂಟೆಗೆ 0.004445. ಸುಮಾರು 92 ಡಾಲರ್ ಆಗುತ್ತದೆ. ತಪ್ಪು 730ರ ಪ್ರಕಾರ 36, ನನ್ನ ಹೆದರಿಕೆಯ 8,760ರ ಪ್ರಕಾರ 432. ಬೆಂಗಳೂರಿನ ದೊಡ್ಡ ಕಂಪನಿಯವರು ಇದಕ್ಕೆ ನಗಬಹುದು. ಚೀಲಕ್ಕೆ ಒಂದು ರೂಪಾಯಿ ಹಮಾಲಿ ಹೆಚ್ಚಾದರೆ ಅರ್ಧ ದಿನ ವಾದ ನಡೆಯುವ ಗಾದಿಯಲ್ಲಿ ಕೂತವರು ನಗುವುದಿಲ್ಲ.

ಎರಡು ಕಡತಗಳು ಮುಖಾಮುಖಿಯಾಗುವುದು ಒಂದೇ ಜಾಗದಲ್ಲಿ, ಒಂದು ಪರೀಕ್ಷೆಯಲ್ಲಿ. ಅಂದಾಜು ಎಷ್ಟೇ ಇರಲಿ, ಟೆರಾಫಾರ್ಮ್‌ನ ಕನಿಷ್ಠ ಟಾಸ್ಕುಗಳನ್ನು ಆ ತಿಂಗಳ ಗಂಟೆಗಳಿಗೆ ಗುಣಿಸಿದ್ದಕ್ಕಿಂತ ಕಡಿಮೆ ಇರಬಾರದು, ಗರಿಷ್ಠಕ್ಕೆ ಗುಣಿಸಿದ್ದಕ್ಕಿಂತ ಹೆಚ್ಚು ಇರಬಾರದು. ಅಂದಾಜಿನ ಕಡತದಿಂದ ಅಪ್ಪಣೆಯ ಕಡತಕ್ಕೆ ಒಂದು ಸಂಖ್ಯೆಯೂ ಹರಿಯುವುದಿಲ್ಲ. ಟೆಂಡರ್ ದಿನ ಹೇಗೂ ಗೊತ್ತಿದೆಯಲ್ಲ, ಅದರಿಂದಲೇ ಟಾಸ್ಕು ಏರಿಸುವ ವೇಳಾಪಟ್ಟಿಯನ್ನೂ ಹುಟ್ಟಿಸೋಣ ಅಂತ ಚರ್ಚೆ ಆಯಿತು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅಂದಾಜು ತಾನು ಹೇಳಿದ್ದನ್ನು ತಾನೇ ಮಾಡಿಸಿದರೆ ಅದು ತಪ್ಪು ಅಂತ ಗೊತ್ತಾಗುವುದು ಹೇಗೆ?

ಆ ಪರೀಕ್ಷೆ ಮೊದಲ ವಾರದಲ್ಲೇ ಕೆಲಸಕ್ಕೆ ಬಂತು, ನಾವು ಎಣಿಸದ ಕಡೆಯಿಂದ. ಒಬ್ಬರು ಕಡತದಲ್ಲಿ ಏನೋ ತಿದ್ದಿ ಹಾಕಿದ ಕೂಡಲೇ ‘ತೂಕ’ದ ಅಂದಾಜು 1,856 ಇದ್ದದ್ದು 512ಕ್ಕೆ ಬಿತ್ತು. ಕನಿಷ್ಠ 1,344ಕ್ಕಿಂತ ಕಡಿಮೆ ಅಂತ ಪರೀಕ್ಷೆ ಕೂಗಿತು. ಕಡತ ತೆರೆದರೆ ಎಲ್ಲ ಸರಿಯಾಗೇ ಕಾಣುತ್ತದೆ. ‘ಟಾಸ್ಕ್: 2’ ಕಣ್ಣ ಮುಂದೆಯೇ ಇದೆ. ಅರ್ಧ ದಿನ ಹೋಯಿತು. ಕೊನೆಗೆ ಬೈಟುಗಳನ್ನು ಎಣಿಸಿ ನೋಡಿದಾಗ ತಿಳಿದದ್ದು: ಅವರ ಕೀಬೋರ್ಡು ಕೊನೆಯ ಅರ್ಧಾಕ್ಷರದ ಬಾಲಕ್ಕೆ ಕಣ್ಣಿಗೆ ಕಾಣದ ಒಂದು ಅಕ್ಷರ ಅಂಟಿಸಿತ್ತು. ಒತ್ತಕ್ಷರ ಆಗದಂತೆ ತಡೆಯಲು ಕನ್ನಡದಲ್ಲಿ ಬಳಸುವ ಶೂನ್ಯ ಅಗಲದ ಅಕ್ಷರ. ಕಣ್ಣಿಗೆ ಒಂದೇ ಪದ, ಯಂತ್ರಕ್ಕೆ ಎರಡು. ತನಗೆ ಗೊತ್ತಿರುವ ‘ಟಾಸ್ಕ್’ ಸಿಗಲಿಲ್ಲ ಅಂತ ಕೋಡ್ ಸದ್ದಿಲ್ಲದೆ ಸೊನ್ನೆ ಹಿಡಿದಿತ್ತು.

ಕನ್ನಡದಲ್ಲಿ ಕೀಲಿಪದ ಇಡುವವರಿಗೆ ಇಲ್ಲಿ ಎರಡು ಬೇರೆ ಬೇರೆ ಗುಂಡಿಗಳಿವೆ. ‘ಮೆಮೊರಿ’ಯ ಮೊ ಒಂದು ಕೀಬೋರ್ಡಿನಿಂದ ಒಂದೇ ಸ್ವರಚಿಹ್ನೆಯಾಗಿ, ಇನ್ನೊಂದರಿಂದ ಎರಡು ತುಂಡಾಗಿ ಬರಬಹುದು. ಯೂನಿಕೋಡ್‌ನ ಎನ್‌ಎಫ್‌ಸಿ ಸಾಮಾನ್ಯೀಕರಣ (ತುಂಡುಗಳನ್ನು ಕೂಡಿಸಿ ಒಂದೇ ರೂಪಕ್ಕೆ ತರುವುದು) ಮಾಡಿದರೆ ಅದು ಸರಿಹೋಗುತ್ತದೆ. ಆದರೆ ಬಾಲದ ಕಾಣದ ಅಕ್ಷರವನ್ನು ಎನ್‌ಎಫ್‌ಸಿ ಮುಟ್ಟುವುದೇ ಇಲ್ಲ, ಅದನ್ನು ನಾವೇ ಕಿತ್ತುಹಾಕಬೇಕು. ಇದಕ್ಕಿಂತ ದೊಡ್ಡ ತಪ್ಪು ಸೊನ್ನೆಯದು. ಗೊತ್ತಿಲ್ಲದ್ದನ್ನು ಸೊನ್ನೆ ಅಂತ ಓದುವ ಅಂದಾಜು ಯಾವಾಗಲೂ ನಮಗೆ ಹಿತವಾಗುವ ಕಡೆಗೇ ತಪ್ಪುತ್ತದೆ. ಈಗ ಗುರುತಿಲ್ಲದ ಕೀಲಿಪದ ಕಂಡರೂ, ಬೇಕಾದದ್ದು ಕಾಣದಿದ್ದರೂ ಕೋಡ್ ಮುಂದೆ ಹೋಗುವುದಿಲ್ಲ.

ಇನ್ನು ‘ಪಟ್ಟಿ’. ಟೆಂಡರ್ ದಿನ ಸಂಜೆಯ ಮೂರು ಗಂಟೆಗಳ ಅವಧಿಯಲ್ಲಿ ಎಲ್ಲ ಅಂಗಡಿಗಳದ್ದು ಸೇರಿ 3,600 ಪಟ್ಟಿ ಅಂತ ಹಿಡಿದಿದ್ದೆವು. ಒಂದಕ್ಕೆ 6 ಸೆಕೆಂಡ್ ಕೆಲಸ. ಟಾಸ್ಕು ಅರ್ಧ ವಿಸಿಪಿಯು, 1 ಜಿಬಿ. 3,600 ಪಟ್ಟಿಗೆ 6 ಗಂಟೆಯ ಕೆಲಸ, ಅಂದರೆ 3 ವಿಸಿಪಿಯು-ಗಂಟೆ. ಜನವರಿಯ 9 ಟೆಂಡರ್ ದಿನಕ್ಕೆ 27. ಬಿಲ್ಲಿನಲ್ಲಿದ್ದದ್ದು 270. ಸರಿಯಾಗಿ ಹತ್ತು ಪಟ್ಟು ತಪ್ಪಿದರೆ ಸಾಮಾನ್ಯವಾಗಿ ಸೊನ್ನೆ ಬಿಟ್ಟುಹೋಗಿರುತ್ತದೆ, ಇಲ್ಲಿ ಹಾಗಲ್ಲ. ಪ್ರತಿ ಪಟ್ಟಿಗೂ ಒಂದು ಹೊಸ ಟಾಸ್ಕು ಎಬ್ಬಿಸುತ್ತಿದ್ದೆವು. ಫಾರ್ಗೇಟ್ ಮೀಟರು ಶುರುವಾಗುವುದು ನಮ್ಮ ಕೆಲಸ ಶುರುವಾದಾಗ ಅಲ್ಲ, ಕಂಟೇನರ್ ಇಮೇಜ್ (ಕಂಟೇನರ್ ಓಡಿಸಲು ಬೇಕಾದ ಮೂಲ ಅಚ್ಚು) ಇಳಿಸಿಕೊಳ್ಳಲು ತೊಡಗಿದಾಗ. ಲಿನಕ್ಸ್ ಟಾಸ್ಕಿಗೆ ಕನಿಷ್ಠ ಒಂದು ನಿಮಿಷದ ಹಣ. ಇಮೇಜ್ ಇಳಿಸಿ, 6 ಸೆಕೆಂಡ್ ಕೆಲಸ ಮಾಡಿ ಮುಗಿಸಿದರೂ ನಿಮಿಷ ತುಂಬುತ್ತಿರಲಿಲ್ಲ, ಹಾಗಾಗಿ ಪ್ರತಿ ಪಟ್ಟಿಗೂ 60 ಸೆಕೆಂಡ್. ಆಟೋದ ಮಿನಿಮಮ್ ಚಾರ್ಜಿನ ಹಾಗೆ: ಚೆನ್ನಮ್ಮ ಸರ್ಕಲ್‌ನಿಂದ ಹತ್ತು ಹೆಜ್ಜೆಗೂ ಅಷ್ಟೇ.

ಅಂದಾಜಿನ ಕಡತಕ್ಕೆ ‘ಕನಿಷ್ಠ_ಸೆಕೆಂಡ್: 60’ ಅಂತ ಒಂದು ಸಾಲು ಸೇರಿಸಿದ ಕೂಡಲೇ 27 ಎನ್ನುವುದು 270 ಆಯಿತು. ಆ ಸಾಲನ್ನು ನೋಡಿದ ಮೇಲೆಯೇ ವಿನ್ಯಾಸ ಬದಲಿಸಬೇಕು ಅನಿಸಿದ್ದು. ಸಾಲಿನಲ್ಲಿ ನಿಂತ ಪಟ್ಟಿಗಳನ್ನು ಒಂದಾದ ಮೇಲೊಂದು ತೆಗೆದುಕೊಳ್ಳುವ, ಸಂಜೆಯಿಡೀ ಬದುಕಿರುವ ಟಾಸ್ಕುಗಳು. ಎಷ್ಟು ಬೇಕು? ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಸಾಕು: ಬರುವ ವೇಗವನ್ನು ಒಂದಕ್ಕೆ ಹಿಡಿಯುವ ಹೊತ್ತಿಗೆ ಗುಣಿಸಿದರೆ ಒಂದೇ ಸಮಯದಲ್ಲಿ ಒಳಗಿರುವವು ಎಷ್ಟು ಅಂತ ಸಿಗುತ್ತದೆ. ಮೂರು ಸೆಕೆಂಡಿಗೆ ಒಂದು ಪಟ್ಟಿ, ಒಂದಕ್ಕೆ ಆರು ಸೆಕೆಂಡು, ಅಂದರೆ 2. ಆದರೆ ಪಟ್ಟಿಗಳು ಕ್ಯೂ ಹಚ್ಚಿ ಸಮನಾಗಿ ಬರುವುದಿಲ್ಲ. ಊರಿಗೆ ಹೋಗುವ ಬಸ್ಸು ತಪ್ಪೀತು ಅಂತ ರೈತರು ಮೊದಲ ಗಂಟೆಯಲ್ಲೇ ಮುಗಿಬೀಳುತ್ತಾರೆ. 4 ಇಟ್ಟೆವು. ದಿನಕ್ಕೆ 6 ವಿಸಿಪಿಯು-ಗಂಟೆ, ಫೆಬ್ರುವರಿಗೆ 48. ಹಳೆಯ ರೀತಿಯಲ್ಲಿ 240 ಆಗುತ್ತಿತ್ತು. ಅರ್ಧ ಹೊತ್ತು ಸುಮ್ಮನೆ ಕೂರುವ ಟಾಸ್ಕು, ಪುರಸೊತ್ತಿಲ್ಲದೆ ಎದ್ದು ಬಿದ್ದು ಓಡುವ ಟಾಸ್ಕಿಗಿಂತ ಅಗ್ಗ.

ಫೆಬ್ರುವರಿ ಮುಗಿದಾಗ ‘ತೂಕ’ದ ನಿಜ ಬಳಕೆ 2,047, ಅಂದಾಜು 1,856. ಹಣವನ್ನಲ್ಲ, ಬಿಲ್ಲಿನಲ್ಲಿ ವಿಸಿಪಿಯು-ಗಂಟೆ, ಜಿಬಿ-ಗಂಟೆ ಬೇರೆ ಬೇರೆ ಸಾಲಾಗಿ ಬರುವ ಪ್ರಮಾಣವನ್ನೇ ಹೋಲಿಸಿದೆವು, ಡಾಲರಿನ ಏರಿಳಿತ ಅಡ್ಡ ಬರದ ಹಾಗೆ. 191 ಹೆಚ್ಚು. ಕಡತದ ಮುದ್ರಿತ ಪ್ರತಿಯನ್ನು ಕಾಕಾರಿಗೆ ಕಳಿಸಿದೆ. ಸಂಜೆ ಫೋನು ಬಂತು.

‘ತಮ್ಮಾ, ಇದರಾಗ ಹಿಂದಿನ ರಾತ್ರಿ ಎಲ್ಲೈತಿ? ರವಿವಾರ ರಾತ್ರಿ, ಬುಧವಾರ ರಾತ್ರಿ ಗಾಡಿ ಬಂದ ನಿಂದರತಾವಲ್ಲ. ಚೀಲಾ ಇಳಸಿದಂಗ ನಮ್ಮ ಹುಡುಗರು ಆವಕ ಬರಕೋತ ಹೋಗತಾರ. ಅದನ್ನ ಯಾವ ಲೆಕ್ಕಕ್ಕ ಹಿಡದೀರಿ?’

ಯಾವ ಲೆಕ್ಕಕ್ಕೂ ಹಿಡಿದಿರಲಿಲ್ಲ. ಗ್ರಾಫಿನಲ್ಲಿ ಎರಡು ದೊಡ್ಡ ಹಲ್ಲಿನ ಪಕ್ಕದಲ್ಲಿ ಸಣ್ಣ ಉಬ್ಬು ಇತ್ತು, ನಾವು ಅದನ್ನು ಕಸ ಅಂದುಕೊಂಡಿದ್ದೆವು. ‘ಹಿಂದಿನ_ರಾತ್ರಿ’ ಅಂತ ಹೊಸ ವಿಭಾಗ: 5 ಗಂಟೆ, 4 ಹೆಚ್ಚುವರಿ ಟಾಸ್ಕು, 8 ರಾತ್ರಿ. 160 ಸಿಕ್ಕಿತು. ಉಳಿದ 31ರಲ್ಲಿ ಒಂದಿಷ್ಟು ಹೊಸ ಆವೃತ್ತಿ ಬಿಡುವಾಗ ಹಳೆಯ, ಹೊಸ ಟಾಸ್ಕು ಎರಡೂ ಜೊತೆಗೆ ಓಡುವುದರಿಂದ, ಒಂದಿಷ್ಟು ಹೊರೆ ಇಳಿದರೂ ಟಾಸ್ಕು ಇಳಿಸಲು ಆಟೋಸ್ಕೇಲಿಂಗ್ ಕಾಯುವ ಐದು ನಿಮಿಷಗಳಿಂದ. ಅದರ ಬೆನ್ನು ಹತ್ತಲಿಲ್ಲ. ಕಡತದ ತುದಿಯಲ್ಲಿ ‘ವಿವರಿಸದ್ದು: 31’ ಅಂತ ಬರೆದಿಟ್ಟೆವು.

ಮಾರ್ಚಿಗೆ ಕ್ಯಾಲೆಂಡರ್ 9 ಟೆಂಡರ್ ದಿನ ಎಣಿಸಿ 2,244 ಅಂದಿತು. ಕಾಕಾರು ಅದನ್ನೂ ತರಿಸಿಕೊಂಡು ನೋಡಿದರು. 30ಕ್ಕೆ ಯುಗಾದಿ, 31ಕ್ಕೆ ರಮ್‌ಜಾನ್. ‘ಅವತ್ತ ಯಾವ ಹಮಾಲ ಬರತಾನ’ ಅಂತ ಕೊನೆಯ ಸೋಮವಾರಕ್ಕೆ ಪೆನ್ನಿನಿಂದ ಕಾಟು ಹಾಕಿ ವಾಟ್ಸಾಪಿನಲ್ಲಿ ಫೋಟೊ ಕಳಿಸಿದರು. ‘ರಜೆ’ಯ ಖಾಲಿ ಆವರಣದೊಳಗೆ ಮೊದಲ ದಿನಾಂಕ ಬಿತ್ತು, ಅಂದಾಜು 2,160ಕ್ಕೆ ಇಳಿಯಿತು. ‘ಹೇಳಿದವರು’ ಸಾಲು ತಿದ್ದುವ ಅಗತ್ಯ ಬರಲಿಲ್ಲ.

ಟಾಸ್ಕುಗಳು, ಹೊರಗಿನ ಜಾಲಕ್ಕೆ ದಾರಿಯಾದ ನ್ಯಾಟ್ ಗೇಟ್‌ವೇ ಮೂಲಕ ಇಮೇಜ್ ಎಳೆದುಕೊಳ್ಳುವಾಗ ಜಿಬಿ ಲೆಕ್ಕದಲ್ಲಿ ಬೀಳುವ ದರ ಇನ್ನೂ ಕಡತದ ಹೊರಗೇ ಇದೆ. ಪಟ್ಟಿಗೊಂದು ಟಾಸ್ಕು ಎಬ್ಬಿಸುತ್ತಿದ್ದ ದಿನಗಳಲ್ಲಿ ಪ್ರತಿ ಪಟ್ಟಿಗೂ ಇಡೀ ಇಮೇಜ್ ಇಳಿಯುತ್ತಿತ್ತಲ್ಲ, ಅದರ ಜನವರಿಯ ಸಾಲನ್ನು ನಾನಿನ್ನೂ ಬಿಲ್ಲಿನಲ್ಲಿ ತೆರೆದು ನೋಡಿಲ್ಲ.